ತೆರಿಗೆ ರಿಯಾಯಿತಿ ಯಾರ ಜೇಬಿಗೆ, ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ವರ್ಷ ಎಂದು ಹೇಳದ ಕಡೆ ಇಲ್ಲಿರುವ ಲೆಕ್ಕಗಳೆಲ್ಲ 2025-26ರ ಹಣಕಾಸು ವರ್ಷದವು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಅದರಲ್ಲಿ ಕಲಮುಗಳ ನಂಬರ್ ಬೇರೆ. ಆದರೆ ಜನರ ಬಾಯಲ್ಲಿ, ಆಡಿಟರ್ ಆಫೀಸಿನಲ್ಲಿ ಓಡಾಡುವುದು 80ಸಿ, 87ಎ ಎಂಬ ಹಳೇ ನಂಬರುಗಳೇ. ಇಲ್ಲೂ ಅವನ್ನೇ ಬಳಸಿದ್ದೇನೆ.

ತೆರಿಗೆ ರಿಯಾಯಿತಿ ಅಂದ್ರೆ ಏನು?

ಸಾಮಾನ್ಯ ನಿಯಮದ ಪ್ರಕಾರ ಸರ್ಕಾರಕ್ಕೆ ಹೋಗಬೇಕಿದ್ದ ದುಡ್ಡನ್ನು, ಯಾವುದೋ ಒಂದು ಕಾರಣಕ್ಕೆ ಸರ್ಕಾರ ನಿಮ್ಮ ಹತ್ತಿರವೇ ಬಿಡುತ್ತದೆ. ಅಷ್ಟೇ. ಬಿಡುವ ದಾರಿಗಳು ಮಾತ್ರ ಹಲವು. ಕೆಲವು ಆದಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೃಷಿ ಆದಾಯ ಹಾಗೆ. ಕೆಲವು ಖರ್ಚು, ಉಳಿತಾಯವನ್ನು ಆದಾಯದಿಂದ ಕಳೆಯಲು ಬಿಡುತ್ತಾರೆ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಎಲ್‌ಐಸಿ ಕಂತು ಹಾಗೆ; ಇವನ್ನು ಕಳೆಯಲು ಬಿಡುವ ಕಲಮೇ 80ಸಿ. ಇನ್ನು ಕೆಲವೊಮ್ಮೆ ತೆರಿಗೆ ಲೆಕ್ಕ ಹಾಕಿ ಮುಗಿಸಿದ ಮೇಲೆ ಆ ಮೊತ್ತವನ್ನೇ ಮನ್ನಾ ಮಾಡುತ್ತಾರೆ; ಅದು ರಿಬೇಟ್. ನಾಲ್ಕನೆಯದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಒಂದು ಬಗೆಯ ಆದಾಯಕ್ಕೆ ದರವನ್ನೇ ಕಡಿಮೆ ಇಡುವುದು. ಷೇರು ಮಾರಿದ ಲಾಭಕ್ಕೆ ಸಿಗುವುದು ಇದೇ.

ಈ ನಾಲ್ಕೂ ಒಂದೇ ಎಂದುಕೊಂಡರೆ ಯಾರಿಗೆ ಲಾಭ ಎನ್ನುವುದು ಗೊತ್ತೇ ಆಗುವುದಿಲ್ಲ.

ಸರ್ಕಾರ ದುಡ್ಡು ಕೊಡುತ್ತಿಲ್ಲವಲ್ಲ, ಬರೀ ತೆಗೆದುಕೊಳ್ಳುತ್ತಿಲ್ಲ. ಇದೂ ಖರ್ಚೇ?

ಹೌದು, ಖರ್ಚೇ. ಕೇಂದ್ರ ಸರ್ಕಾರವೇ ಅದನ್ನು ಒಪ್ಪಿಕೊಂಡಿದೆ. 2006-07ರ ಬಜೆಟ್‌ನಿಂದ ಪ್ರತಿ ವರ್ಷ ಇದಕ್ಕೊಂದು ಪಟ್ಟಿ ಕೊಡುತ್ತಾರೆ. ಯಾವ ರಿಯಾಯಿತಿಯಿಂದ ಎಷ್ಟು ಆದಾಯ ಕೈತಪ್ಪಿತು ಎಂಬ ಲೆಕ್ಕ ಅದರಲ್ಲಿ ಇರುತ್ತದೆ. ಬಜೆಟ್ ದಿನ ಟಿವಿಯಲ್ಲಿ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಸ್ಲ್ಯಾಬ್ (ಆದಾಯದ ಹಂತಕ್ಕೆ ತಕ್ಕ ತೆರಿಗೆ ದರ) ಬದಲಾಯಿತಾ ಇಲ್ಲವಾ ಎನ್ನುವುದರಲ್ಲೇ ಸಂಜೆ ಮುಗಿದುಹೋಗುತ್ತದೆ.

ಒಂದು ವ್ಯತ್ಯಾಸ ಇದೆ. ಆಸ್ಪತ್ರೆಗೋ ರಸ್ತೆಗೋ ದುಡ್ಡು ಕೊಡಬೇಕಾದರೆ ಪ್ರತಿ ವರ್ಷ ಸಂಸತ್ತಿನ ಒಪ್ಪಿಗೆ ಬೇಕು. ರಿಯಾಯಿತಿ ಒಮ್ಮೆ ಕಾಯ್ದೆಯೊಳಗೆ ಸೇರಿತೆಂದರೆ, ತೆಗೆಯುವವರೆಗೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

80ಸಿಯಲ್ಲಿ ಎಲ್ಲರಿಗೂ ಒಂದೂವರೆ ಲಕ್ಷ. ಅಂದರೆ ಎಲ್ಲರಿಗೂ ಸಮಾನ ಲಾಭ ಅಲ್ವಾ?

ಅಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ. ಮಿತಿ ಒಂದೇ, ಲಾಭ ಒಂದೇ ಅಲ್ಲ.

ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ ಇವೆ: ಇಂಥ ಕಡಿತಗಳಿರುವ ಹಳೇದು, ದರ ಕಡಿಮೆಯಿದ್ದು ಹೆಚ್ಚಿನ ಕಡಿತಗಳಿಲ್ಲದ ಹೊಸದು. ಹಳೇ ಪದ್ಧತಿಯಲ್ಲಿ ಮೂವರು ತಲಾ 1.5 ಲಕ್ಷ ರೂಪಾಯಿ ಪಿಪಿಎಫ್‌ಗೆ ಹಾಕಿದರು ಎಂದುಕೊಳ್ಳಿ. ವರ್ಷಕ್ಕೆ 20 ಲಕ್ಷ ಆದಾಯ ಇರುವವರು ಶೇ. 30ರ ಸ್ಲ್ಯಾಬ್‌ನಲ್ಲಿದ್ದಾರೆ. ಅವರಿಗೆ ಸೆಸ್ (ತೆರಿಗೆಯ ಮೇಲೆ ಹಾಕುವ ಶೇ. 4) ಸೇರಿ ಉಳಿಯುವುದು 46,800 ರೂಪಾಯಿ. 8 ಲಕ್ಷ ಆದಾಯದವರು ಶೇ. 20ರಲ್ಲಿದ್ದಾರೆ, ಅವರಿಗೆ 31,200. 4.8 ಲಕ್ಷ ಆದಾಯದವರಿಗೆ? ಸೊನ್ನೆ. ರಿಬೇಟ್‌ನಿಂದಾಗಿ ಅವರ ತೆರಿಗೆ ಮೊದಲೇ ಸೊನ್ನೆ ಇತ್ತು. ಹೊಟ್ಟೆ ಬಟ್ಟೆ ಕಟ್ಟಿ ಒಂದೂವರೆ ಲಕ್ಷ ಉಳಿಸಿದವರಿಗೆ ಏನೂ ಇಲ್ಲ, ಸಲೀಸಾಗಿ ಉಳಿಸಿದವರಿಗೆ ಹೆಚ್ಚು.

ಆದಾಯದಿಂದ ಕಳೆಯುವ ಯಾವ ರಿಯಾಯಿತಿಯಾದರೂ ಇದೇ ಕಥೆ. ಮನೆ ಸಾಲದ ಬಡ್ಡಿ, ಆರೋಗ್ಯ ವಿಮೆ, ಎನ್‌ಪಿಎಸ್ ಪಿಂಚಣಿ ಉಳಿತಾಯ, ಯಾವುದೇ ಇರಲಿ, ಸ್ಲ್ಯಾಬ್ ಮೇಲಿದ್ದಷ್ಟೂ ಲಾಭ ಜಾಸ್ತಿ. ಹಾಗಾಗಿ ಯಾವ ರಿಯಾಯಿತಿ ಘೋಷಣೆಯಾದರೂ ‘ಮಿತಿ ಎಷ್ಟು’ ಎಂದು ಕೇಳುವ ಮೊದಲು ‘ಯಾರ ಕೈಗೆ ಎಷ್ಟು ರೂಪಾಯಿ’ ಎಂದು ಕೇಳುವುದು ಒಳ್ಳೆಯದು.

ಗೃಹಲಕ್ಷ್ಮಿ ದುಡ್ಡು ‘ಬಿಟ್ಟಿ’, ತೆರಿಗೆ ಉಳಿಸಿದ್ದು ‘ಜಾಣತನ’. ಎರಡೂ ಒಂದೇನಾ?

ಪೂರ್ತಿ ಒಂದೇ ಅಲ್ಲ, ಆದರೆ ನಾವು ಅಂದುಕೊಂಡಷ್ಟು ಬೇರೆಯೂ ಅಲ್ಲ.

2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ವರ್ಷಕ್ಕೆ 24,000. ಆಕೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಸಿಗುವುದಿಲ್ಲ. ಹಾಗೆ ಹೊರಗುಳಿದ ಮನೆಯವರು 80ಸಿ ಒಂದರಲ್ಲೇ 46,800 ಉಳಿಸಿಕೊಳ್ಳಬಹುದು. ಮೊದಲನೆಯದಕ್ಕೆ ಚರ್ಚೆ, ಟೀಕೆ, ಜೋಕು ಎಲ್ಲ ಇದೆ. ಎರಡನೆಯದು ಕಂಪನಿ ಎಚ್‌ಆರ್ ಕಳಿಸಿದ ಫಾರಂ ತುಂಬಿದರೆ ಮುಗಿಯಿತು.

‘ಅದು ನಾನು ದುಡಿದ ದುಡ್ಡು, ಸರ್ಕಾರ ಕೊಟ್ಟಿದ್ದಲ್ಲ’ ಎಂದು ಹಲವರು ಹೇಳುತ್ತಾರೆ. ಮಾತಿನಲ್ಲಿ ನ್ಯಾಯ ಇದೆ. ಆದರೆ ಅಷ್ಟೇ ಸಂಬಳದ ಪಕ್ಕದ ಮನೆಯವರು ಪಿಪಿಎಫ್ ಮಾಡಿಲ್ಲ, ಮನೆ ಸಾಲ ಮಾಡಿಲ್ಲ, ಪೂರ್ತಿ ತೆರಿಗೆ ಕಟ್ಟಿದ್ದಾರೆ. ಅದೂ ಅವರು ದುಡಿದ ದುಡ್ಡೇ. ಖಜಾನೆಯ ಕಡೆಯಿಂದ ನೋಡಿದರೆ ಕೊಟ್ಟ 24,000 ಮತ್ತು ಬಿಟ್ಟ 46,800 ಎರಡೂ ಕಡಿಮೆಯಾದ ದುಡ್ಡೇ.

12 ಲಕ್ಷದವರೆಗೆ ತೆರಿಗೆ ಇಲ್ಲ ಅಂದ್ರಲ್ಲ. ಮತ್ತೆ 4 ಲಕ್ಷದಿಂದ 8 ಲಕ್ಷಕ್ಕೆ ಶೇ. 5 ಅಂತ ಯಾಕೆ ಇದೆ?

ಯಾಕೆಂದರೆ 12 ಲಕ್ಷ ಎನ್ನುವುದು ಸ್ಲ್ಯಾಬ್ ಅಲ್ಲ, ರಿಬೇಟ್‌ನ ಗಡಿ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಸೊನ್ನೆ, ಅಲ್ಲಿಂದ 8ರವರೆಗೆ ಶೇ. 5, ಆಮೇಲೆ 12ರವರೆಗೆ ಶೇ. 10. 12 ಲಕ್ಷಕ್ಕೆ ಲೆಕ್ಕ ಹಾಕಿದರೆ ತೆರಿಗೆ 60,000. ಆ 60,000ವನ್ನು 87ಎ ಅಡಿ ಮನ್ನಾ ಮಾಡುತ್ತಾರೆ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಬಿಲ್ಲು ಕೇಳದೆ ಕೊಡುವ ಕಡಿತ) ಸೇರಿ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

12 ಲಕ್ಷ ದಾಟಿದ ಕೂಡಲೇ ಪೂರ್ತಿ 60,000 ಮೇಲೆ ಬೀಳುತ್ತದೆ ಎಂಬ ಹೆದರಿಕೆ ಬೇಡ. ತೆರಿಗೆಗೆ ಒಳಪಡುವ ಆದಾಯ 12,10,000 ಇದ್ದರೆ ಲೆಕ್ಕದಲ್ಲಿ ಬರುವುದು 61,500. ಆದರೆ ದಾಟಿದ 10,000ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಈ ಸಡಿಲಿಕೆ ಸುಮಾರು 12.70 ಲಕ್ಷದವರೆಗೆ ಕೆಲಸ ಮಾಡುತ್ತದೆ. ಷೇರು ಲಾಭದಂಥ ವಿಶೇಷ ದರದ ಆದಾಯಕ್ಕೆ ಮಾತ್ರ ಈ ರಿಬೇಟ್ ಸಿಗುವುದಿಲ್ಲ.

ಇದರ ಲಾಭ ಯಾರಿಗೆ? 2025ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಇದನ್ನು ಘೋಷಿಸಿದಾಗ ನೇರ ತೆರಿಗೆಯಲ್ಲಿ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಕೈಬಿಡುತ್ತಿದ್ದೇವೆ ಎಂದರು. 7 ಲಕ್ಷ ಆದಾಯದವರಿಗೆ ಅದರಲ್ಲಿ ಸಿಕ್ಕಿದ್ದು ಏನೂ ಇಲ್ಲ. ಅವರದ್ದು ಹಿಂದಿನ ವರ್ಷವೂ ಸೊನ್ನೆಯೇ. 12 ಲಕ್ಷದವರಿಗೆ ಸೆಸ್ ಬಿಟ್ಟು 80,000 ಉಳಿಯಿತು. 24 ಲಕ್ಷದವರಿಗೆ 1,10,000. 40 ಲಕ್ಷದವರಿಗೂ ಅಷ್ಟೇ, ಏಕೆಂದರೆ ಕೆಳಗಿನ ಸ್ಲ್ಯಾಬ್‌ಗಳ ಇಳಿಕೆ ಮೇಲಿನವರಿಗೂ ಸಿಗುತ್ತದೆ. ಮಧ್ಯಮ ವರ್ಗಕ್ಕೆ ಬಂಪರ್ ಎಂದು ಸುದ್ದಿಯಾಯಿತು. ಸುಳ್ಳಲ್ಲ. ಆದರೆ ತಿಂಗಳಿಗೆ ಎರಡು ಲಕ್ಷ ದುಡಿಯುವವರನ್ನು ಮಧ್ಯಮ ಎನ್ನಬೇಕಾದರೆ ಆ ವರ್ಗವನ್ನು ಬಹಳ ಎಳೆದು ಹಿಗ್ಗಿಸಬೇಕು.

ಹಳೇ ಪದ್ಧತಿ ಇಟ್ಟುಕೊಳ್ಳಲಾ, ಹೊಸದಕ್ಕೆ ಹೋಗಲಾ?

15 ಲಕ್ಷ ಸಂಬಳದ ಲೆಕ್ಕ ನೋಡಿ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 97,500. ಹಳೇ ಪದ್ಧತಿಯಲ್ಲಿ ಇಷ್ಟಕ್ಕೇ ಇಳಿಸಬೇಕಾದರೆ, 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಅಲ್ಲದೆ ಇನ್ನೂ ಸುಮಾರು 5.44 ಲಕ್ಷದ ಕಡಿತ ತೋರಿಸಬೇಕು. 80ಸಿ ಪೂರ್ತಿ 1.5 ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ಎನ್‌ಪಿಎಸ್ 50,000, ಆರೋಗ್ಯ ವಿಮೆ 25,000, ಎಲ್ಲ ಸೇರಿದರೂ 4.25 ಲಕ್ಷ. ಇನ್ನೂ ಸಾಲದು. ಜೊತೆಗೆ ದೊಡ್ಡ ಎಚ್‌ಆರ್‌ಎ (ಸಂಬಳದಲ್ಲಿ ಸಿಗುವ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಇದ್ದರೆ ಮಾತ್ರ ಹಳೇದು ಗೆಲ್ಲುತ್ತದೆ.

2024ರ ಜುಲೈ 31ರ ಹೊತ್ತಿಗೆ ಬಂದ 7.28 ಕೋಟಿ ರಿಟರ್ನ್ಸ್‌ಗಳಲ್ಲಿ 5.27 ಕೋಟಿ ಹೊಸ ಪದ್ಧತಿಯಲ್ಲೇ ಇದ್ದವು. ಜನ ಲೆಕ್ಕ ಹಾಕಿಯೇ ಹೋದಂತಿದೆ. ಇದರಿಂದ ಒಂದು ಉಪಕಾರವೂ ಆಗಿದೆ: ಮಾರ್ಚ್ ಬಂದ ಕೂಡಲೇ ‘ಟ್ಯಾಕ್ಸ್ ಉಳಿಯುತ್ತೆ ಸಾರ್’ ಎಂದು ಬೇಡದ ಎಂಡೋಮೆಂಟ್ ಪಾಲಿಸಿ ಹಚ್ಚುವ ವ್ಯಾಪಾರಕ್ಕೆ ಸ್ವಲ್ಪ ಪೆಟ್ಟು ಬಿದ್ದಿದೆ. ಆದರೆ ಉಳಿತಾಯಕ್ಕೆ ಇದ್ದ ಒತ್ತಾಯವೂ ಹೋಯಿತು. 80ಸಿ ನೆಪದಲ್ಲಾದರೂ ಪಿಪಿಎಫ್ ಮಾಡುತ್ತಿದ್ದ ಹುಡುಗರು ಈಗ ಏನು ಮಾಡುತ್ತಿದ್ದಾರೋ ನೋಡಬೇಕು.

ಸಂಬಳದವರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ಆದರೆ ಹಳೇದು ಬೇಕಿದ್ದರೆ ರಿಟರ್ನ್ಸ್ ಕೊನೆಯ ದಿನಾಂಕದೊಳಗೇ ಸಲ್ಲಿಸಿರಬೇಕು. ತಡವಾದರೆ ಹೊಸದೇ ಗತಿ.

ಬೆಂಗಳೂರಿನಲ್ಲಿ ಬಾಡಿಗೆ ಆಕಾಶಕ್ಕೇರಿದೆ. ಎಚ್‌ಆರ್‌ಎ ಲೆಕ್ಕದಲ್ಲಿ ಅದು ಮೆಟ್ರೋ ನಗರ ಅಲ್ವಾ?

2025-26ರ ಲೆಕ್ಕಕ್ಕೆ ಅಲ್ಲ. ತಮಾಷೆ ಅನಿಸಬಹುದು, ನಿಜ. 1962ರ ನಿಯಮಗಳಲ್ಲಿ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ ವಿನಾಯಿತಿಯ ಮಿತಿ ಸಂಬಳದ ಶೇ. 50. ಬೆಂಗಳೂರಿಗೂ ಬೀದರಿಗೂ ಒಂದೇ ಶೇ. 40.

ಬೇಸಿಕ್ (ಮೂಲ ಸಂಬಳ) ತಿಂಗಳಿಗೆ 50,000, ಎಚ್‌ಆರ್‌ಎ 25,000, ಬಾಡಿಗೆ 22,000 ಎಂದಿಟ್ಟುಕೊಳ್ಳಿ. ವರ್ಷದ ಮೂರು ಅಂಕಿ ಬರೆದುಕೊಳ್ಳಬೇಕು: ಸಿಕ್ಕ ಎಚ್‌ಆರ್‌ಎ 3 ಲಕ್ಷ, ಬೇಸಿಕ್‌ನ ಶೇ. 40 ಎಂದರೆ 2.4 ಲಕ್ಷ, ಬಾಡಿಗೆಯಲ್ಲಿ ಬೇಸಿಕ್‌ನ ಶೇ. 10 ಕಳೆದರೆ 2.04 ಲಕ್ಷ. ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ, ಅಂದರೆ 2.04 ಲಕ್ಷ. ಇಲ್ಲಿ ಶೇ. 40 ಇದ್ದರೂ 50 ಇದ್ದರೂ ವ್ಯತ್ಯಾಸ ಇಲ್ಲ. ಬಾಡಿಗೆ ತುಂಬಾ ಜಾಸ್ತಿ ಇದ್ದವರಿಗಷ್ಟೇ ಅದು ನೋಯುವುದು.

ಅಪ್ಪ ಅಮ್ಮನಿಗೆ ಬಾಡಿಗೆ ಕೊಡಬಹುದಾ ಎಂದು ಕೇಳುವವರಿಗೆ: ಮನೆ ನಿಜಕ್ಕೂ ಅವರದಾಗಿದ್ದು, ದುಡ್ಡು ನಿಜಕ್ಕೂ ಅವರ ಖಾತೆಗೆ ಹೋಗಿ, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಿದರೆ ಕೊಡಬಹುದು. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಎಚ್‌ಆರ್‌ಎ ವಿನಾಯಿತಿ ಇರುವುದು ಹಳೇ ಪದ್ಧತಿಯಲ್ಲಿ ಮಾತ್ರ ಎನ್ನುವುದೂ ನೆನಪಿರಲಿ. ದಿನಗೂಲಿಯವರು, ಆಟೋ ಓಡಿಸುವವರು ಕೂಡ ಇದೇ ಊರಿನಲ್ಲಿ ಬಾಡಿಗೆ ಕಟ್ಟುತ್ತಾರೆ. ಅವರಿಗೆ ಎಚ್‌ಆರ್‌ಎ ಎಂಬ ಹೆಸರೇ ಇಲ್ಲ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂದರೆ ನನ್ನ ಅಡಿಕೆ ತೋಟದ ದುಡ್ಡು ತೋರಿಸಲೇಬೇಕಿಲ್ಲ ಅಲ್ವಾ?

ತೋರಿಸಬೇಕು, ಬೇರೆ ಆದಾಯವೂ ಇದ್ದರೆ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಲೆಕ್ಕ ಒಂದಿದೆ.

ಸಂವಿಧಾನದ ಪ್ರಕಾರ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು, ಕೇಂದ್ರದ್ದಲ್ಲ. ಆದರೆ ಕೆ.ಎನ್. ರಾಜ್ ಸಮಿತಿಯ ಸಲಹೆಯಂತೆ 1973ರಲ್ಲಿ ಕೇಂದ್ರ ಒಂದು ಉಪಾಯ ತಂದಿತು. ನಿಮ್ಮ ಕೃಷಿ ಆದಾಯಕ್ಕೆ ತೆರಿಗೆ ಹಾಕುವುದಿಲ್ಲ, ಆದರೆ ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ಸೇರಿಸುತ್ತಾರೆ.

ತೀರ್ಥಹಳ್ಳಿ ಕಡೆ ತೋಟ, ಬೆಂಗಳೂರಿನಲ್ಲಿ ಕೆಲಸ ಎಂದುಕೊಳ್ಳಿ. ಕಡಿತವೆಲ್ಲ ಕಳೆದು ಸಂಬಳ 16 ಲಕ್ಷ, ತೋಟದಿಂದ 8 ಲಕ್ಷ. ಬರೀ ಸಂಬಳವಾದರೆ ಹೊಸ ಪದ್ಧತಿಯಲ್ಲಿ ತೆರಿಗೆ 1.2 ಲಕ್ಷ. ಈಗ ಎರಡೂ ಸೇರಿಸಿ 24 ಲಕ್ಷಕ್ಕೆ ಲೆಕ್ಕ ಹಾಕಿದರೆ 3 ಲಕ್ಷ. ಅದರಿಂದ, ತೋಟದ 8 ಲಕ್ಷಕ್ಕೆ, ಯಾರಿಗೂ ತೆರಿಗೆ ಇಲ್ಲದ ಮೊದಲ 4 ಲಕ್ಷ ಸೇರಿಸಿದ 12 ಲಕ್ಷದ ಮೇಲಿನ ತೆರಿಗೆ 60,000 ಕಳೆಯುತ್ತಾರೆ. ಕಟ್ಟಬೇಕಾದ್ದು 2.4 ಲಕ್ಷ, ಸೆಸ್ ಬೇರೆ. ‘ತೆರಿಗೆ ಇಲ್ಲದ’ ತೋಟದಿಂದ ತೆರಿಗೆ ದುಪ್ಪಟ್ಟಾಯಿತು!

ಆದರೆ ಬರೀ ಕೃಷಿ ಆದಾಯವೇ ಇದ್ದರೆ, ಅದು ಕೋಟಿಗಟ್ಟಲೆ ಇದ್ದರೂ ಆದಾಯ ತೆರಿಗೆ ಸೊನ್ನೆ. ಎರಡು ಎಕರೆ ರಾಗಿ ಬೆಳೆಯುವವರಿಗೆ ಈ ವಿನಾಯಿತಿಯಿಂದ ಏನೂ ಸಿಗುವುದಿಲ್ಲ. ಅವರ ಆದಾಯ ಹೇಗಿದ್ದರೂ ತೆರಿಗೆ ಮಿತಿಗಿಂತ ಕೆಳಗೇ. ರೈತರ ಹೆಸರಿನಲ್ಲಿ ಇರುವ ವಿನಾಯಿತಿಯ ದೊಡ್ಡ ಪಾಲು ದೊಡ್ಡ ಹಿಡುವಳಿಗೆ, ಬೀಜ ಕಂಪನಿಗಳಂಥವರಿಗೆ ಹೋಗುತ್ತದೆ. ಬೇರೆ ದುಡ್ಡನ್ನು ‘ಬೆಳೆ ಮಾರಿದ್ದು’ ಎಂದು ತೋರಿಸುವವರೂ ಇದ್ದಾರೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ ಪರಿಶೀಲಿಸಿದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 22ರಲ್ಲಿ ಸರಿಯಾಗಿ ದಾಖಲೆ ನೋಡದೆಯೇ ವಿನಾಯಿತಿ ಕೊಟ್ಟಿದ್ದರು. ನಿಜವಾದ ಬೆಳೆಗಾರರು ಪಹಣಿ, ಮಂಡಿ ಬಿಲ್ಲು, ಸೊಸೈಟಿ ರಸೀದಿ ಎತ್ತಿಟ್ಟುಕೊಳ್ಳಿ. ನೋಟಿಸ್ ಬಂದಾಗ ಕೇಳುವುದು ಅದನ್ನೇ.

ಕಾಫಿಗೂ ಹೀಗೇನಾ?

ಕಾಫಿಯದ್ದು ಸ್ವಲ್ಪ ಬೇರೆ. ಹಣ್ಣು ಕೊಯ್ದು, ಒಣಗಿಸಿ ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿಸಿ ಮಾರಿದರೆ ಶೇ. 25 ಭಾಗ ವ್ಯಾಪಾರದ ಆದಾಯ, ಅಷ್ಟು ತೆರಿಗೆ ಲೆಕ್ಕಕ್ಕೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಕೊಡಗು, ಚಿಕ್ಕಮಗಳೂರಿನಲ್ಲಿ ಈಗ ತಮ್ಮದೇ ಬ್ರ್ಯಾಂಡ್ ಮಾಡುತ್ತಿರುವ ಎಳೆಯ ಬೆಳೆಗಾರರು ಇದನ್ನು ಮೊದಲೇ ತಿಳಿದಿರಬೇಕು. ಪ್ಯಾಕೆಟ್‌ಗೆ ಬೆಲೆ ಹಾಕುವಾಗ ಈ ಶೇ. 40 ಮರೆತರೆ ಲಾಭ ಬಂದಂತೆ ಕಂಡು ಮಾಯವಾಗುತ್ತದೆ.

ಕಂಪನಿಗಳಿಗೆ ಎಷ್ಟು ಬಿಟ್ಟುಕೊಡುತ್ತಾರೆ?

ಈಚಿನ ದೊಡ್ಡ ಉದಾಹರಣೆ 2019ರ ಸೆಪ್ಟೆಂಬರ್ 20ರದ್ದು. ಅಂದು ದೇಶೀ ಕಂಪನಿಗಳ ಮೂಲ ದರವನ್ನು 30ರಿಂದ 22ಕ್ಕೆ ಇಳಿಸಿದರು, ಬೇರೆ ರಿಯಾಯಿತಿ ಬಿಟ್ಟುಕೊಡಬೇಕು ಎಂಬ ಷರತ್ತಿನ ಮೇಲೆ. ಹೊಸ ಕಾರ್ಖಾನೆಗಳಿಗೆ ಶೇ. 15. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕಡಿಮೆಯಾಗುತ್ತದೆ ಎಂದು ಸರ್ಕಾರವೇ ಹೇಳಿತು.

ಇದರಲ್ಲಿ ಒಳ್ಳೆಯದೂ ಇದೆ. ಅದಕ್ಕೂ ಮೊದಲು ದೊಡ್ಡ ಕಂಪನಿಗಳು ನಾನಾ ರಿಯಾಯಿತಿ ಬಳಸಿ, ಸಣ್ಣ ಕಂಪನಿಗಳಿಗಿಂತ ಕಡಿಮೆ ದರದಲ್ಲಿ ತೆರಿಗೆ ಕಟ್ಟುತ್ತಿದ್ದವು. ಬಜೆಟ್ ಪಟ್ಟಿಯಲ್ಲೇ ಅದು ಕಾಣುತ್ತಿತ್ತು. ಒಂದೇ ಕಡಿಮೆ ದರ ಇಟ್ಟರೆ ಆ ಗೋಜಲು ಕಡಿಮೆ. ಆದರೆ ಉಳಿದ ದುಡ್ಡಲ್ಲಿ ಹೊಸ ಕಾರ್ಖಾನೆ ಕಟ್ಟಬೇಕು, ಕೆಲಸ ಕೊಡಬೇಕು ಎಂಬ ಷರತ್ತು ಶೇ. 22ರ ದರಕ್ಕೆ ಇರಲಿಲ್ಲ. ಶೇ. 15ರ ದರಕ್ಕೆ ಗಡುವು ಇತ್ತು, ಒಮ್ಮೆ ಒಂದು ವರ್ಷ ಮುಂದೂಡಿದ ಮೇಲೆ 2024ರ ಮಾರ್ಚ್ 31. ಅದನ್ನು ಮತ್ತೆ ಮುಂದುವರಿಸಲಿಲ್ಲ. ಗಡುವು ಬಂದಾಗ ನಿಜವಾಗಿಯೂ ನಿಂತ ರಿಯಾಯಿತಿಗಳು ಅಪರೂಪ.

ಸಣ್ಣವರನ್ನೂ ಹೇಳಬೇಕು. ಹಳ್ಳಿಯ ಹಾಲು ಉತ್ಪಾದಕರ ಸಂಘ ತನ್ನ ಸದಸ್ಯರ ಹಾಲನ್ನು ಒಕ್ಕೂಟಕ್ಕೆ ಕೊಟ್ಟು ಗಳಿಸಿದ ಲಾಭಕ್ಕೆ 80ಪಿ ಅಡಿ ಪೂರ್ತಿ ಕಡಿತ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೋಗಬೇಕಾದವರ ಕೈಗೇ ಹೋಗುವ ರಿಯಾಯಿತಿ ಇದು.

ತೆರಿಗೆ ರಜೆ ಇಲ್ಲದಿದ್ದರೆ ಬೆಂಗಳೂರಿಗೆ ಐಟಿ ಬರುತ್ತಿತ್ತಾ?

ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ 1991ರದ್ದು. ಅದರಡಿ ನೋಂದಾಯಿಸಿದ ಕಂಪನಿಗಳ ರಫ್ತು ಲಾಭಕ್ಕೆ ವರ್ಷಗಟ್ಟಲೆ ಆದಾಯ ತೆರಿಗೆ ಇರಲಿಲ್ಲ. ಆ ರಜೆ 2011ರ ಮಾರ್ಚ್ 31ಕ್ಕೆ ಮುಗಿಯಿತು. ಮುಗಿಯುವ ಮುಂಚೆ ಉದ್ಯಮ ಕೈಬಿಟ್ಟು ಹೋಗುತ್ತದೆ ಎಂಬ ಆತಂಕ ಬಹಳ ಇತ್ತು. ಹೋಗಲಿಲ್ಲ, ಬೆಳೆಯಿತು. ಕೆಲವು ಕಂಪನಿಗಳು ಹೊಸ ಕೆಲಸವನ್ನು ವಿಶೇಷ ಆರ್ಥಿಕ ವಲಯಗಳಿಗೆ ಒಯ್ದವು, ಏಕೆಂದರೆ ಅಲ್ಲಿ ಇನ್ನೊಂದು ರಜೆ ಕಾಯುತ್ತಿತ್ತು: ಮೊದಲ 5 ವರ್ಷ ರಫ್ತು ಲಾಭಕ್ಕೆ ಪೂರ್ತಿ, ಆಮೇಲೆ ಅರ್ಧ.

ಶುರುವಿನ ವರ್ಷಗಳಲ್ಲಿ ರಜೆ ಕೈಹಿಡಿದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಇಂಜಿನಿಯರಿಂಗ್ ಕಾಲೇಜುಗಳು, ಎಚ್‌ಎಎಲ್, ಬಿಇಎಲ್, ಐಐಎಸ್‌ಸಿ ಇದ್ದ ಊರು ಎಂಬುದು ರಜೆಗಿಂತ ಹೆಚ್ಚು ಕೆಲಸ ಮಾಡಿತು ಎಂದು ನನಗನಿಸುತ್ತದೆ. ತೆರಿಗೆ ರಜೆ ದೇಶದ ಎಲ್ಲ ಊರಿಗೂ ಒಂದೇ ಇತ್ತಲ್ಲ.

ಸಿರಿವಂತರ ರಿಯಾಯಿತಿಗಳಿಗೆ ಕಡಿವಾಣವೇ ಇಲ್ವಾ?

ಸ್ವಲ್ಪ ಬಿದ್ದಿದೆ. ಪಿಎಫ್‌ಗೆ ವರ್ಷಕ್ಕೆ 2.5 ಲಕ್ಷಕ್ಕಿಂತ ಹೆಚ್ಚು ಸ್ವಂತ ಪಾಲು ಹಾಕಿದರೆ, ಹೆಚ್ಚಿನ ಭಾಗದ ಬಡ್ಡಿಗೆ 2021ರಿಂದ ತೆರಿಗೆ ಇದೆ. 2023ರ ಏಪ್ರಿಲ್ 1ರಿಂದ ಈಚೆಗೆ ತೆಗೆದುಕೊಂಡ ಜೀವ ವಿಮೆಯ ಕಂತು ವರ್ಷಕ್ಕೆ 5 ಲಕ್ಷ ದಾಟಿದರೆ ಮೆಚ್ಯೂರಿಟಿ ದುಡ್ಡಿಗೆ ವಿನಾಯಿತಿ ಇಲ್ಲ. ಮನೆ ಮಾರಿ ಮನೆ ಕೊಂಡರೆ ಸಿಗುವ ವಿನಾಯಿತಿಗೆ 10 ಕೋಟಿಯ ಮಿತಿ ಹಾಕಿದ್ದಾರೆ. 10 ಕೋಟಿ! ಮಿತಿ ಇಲ್ಲದಾಗ ಎಂಥ ಮನೆಗಳಿಗೆ ಇದು ಹೋಗುತ್ತಿತ್ತು ಎಂದು ಊಹಿಸಿ.

ಇನ್ನೊಂದು ಕೈಯಲ್ಲಿ ಕೊಟ್ಟಿದ್ದೂ ಇದೆ. 5 ಕೋಟಿಗಿಂತ ಹೆಚ್ಚು ಆದಾಯದವರ ಸರ್‌ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಅನ್ನು 2023ರಲ್ಲಿ ಹೊಸ ಪದ್ಧತಿಯಲ್ಲಿ 37ರಿಂದ 25ಕ್ಕೆ ಇಳಿಸಿದರು. ಲಿಸ್ಟ್ ಆದ ಷೇರನ್ನು ವರ್ಷದ ಮೇಲೆ ಇಟ್ಟು ಮಾರಿದ ಲಾಭಕ್ಕೆ, ಮೊದಲ 1.25 ಲಕ್ಷ ಬಿಟ್ಟು, ಶೇ. 12.5. ದುಡಿದು ತಂದ ಸಂಬಳಕ್ಕೆ ಮೇಲಿನ ಸ್ಲ್ಯಾಬ್‌ನಲ್ಲಿ ಶೇ. 30.

ಆದಾಯ ತೆರಿಗೆಯನ್ನೇ ಕಟ್ಟದವರಿಗೆ ಯಾವ ರಿಯಾಯಿತಿಯೂ ಇಲ್ವಾ?

ಅವರಿಗೆ ಮುಟ್ಟುವುದು ಜಿಎಸ್‌ಟಿಯ ಏರಿಳಿತ. ಅಂಗಡಿಯಲ್ಲಿ ಸೋಪು ಕೊಳ್ಳುವ ಪ್ರತಿಯೊಬ್ಬರೂ ತೆರಿಗೆ ಕಟ್ಟುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್ 18ರಿಂದ 5ಕ್ಕೆ ಇಳಿದವು, ತುಪ್ಪ ಬೆಣ್ಣೆ 12ರಿಂದ 5ಕ್ಕೆ. ಸ್ವಂತಕ್ಕೆ ಮಾಡಿಸುವ ಆರೋಗ್ಯ ಮತ್ತು ಜೀವ ವಿಮೆಗೆ ಜಿಎಸ್‌ಟಿಯೇ ಹೋಯಿತು. ಇಂಥ ಇಳಿಕೆಯಲ್ಲಿ ಒಂದು ಅಪಾಯ ಇದೆ: ಬೆಲೆ ಇಳಿಸುವುದು ಕಂಪನಿಯ ಕೈಯಲ್ಲಿದೆ. ಹಳೇ ಬಿಲ್ಲು ಹೊಸ ಬಿಲ್ಲು ಪಕ್ಕಪಕ್ಕ ಇಟ್ಟು ನೋಡಿ.

ರಾಜ್ಯ ಮಟ್ಟದಲ್ಲಿ?

ಕೆಲವು ಇವೆ. ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ವೃತ್ತಿ ತೆರಿಗೆ ಇಲ್ಲ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ವರ್ಷದ ಶುರುವಿನಲ್ಲೇ ಒಟ್ಟಿಗೆ ಕಟ್ಟಿದರೆ ಶೇ. 5 ಕಡಿಮೆ. ಎಲೆಕ್ಟ್ರಿಕ್ ಗಾಡಿಗಳಿಗೆ 2016ರಿಂದ ರಸ್ತೆ ತೆರಿಗೆ ಪೂರ್ತಿ ಮಾಫಿ ಇತ್ತು. 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ. 10 ಹಾಕಿದರು. ಸರಿಯಾದ ಕೆಲಸ. ದುಬಾರಿ ಕಾರು ಕೊಳ್ಳುವವರಿಗೆ ಮಾಫಿ ಯಾಕೆ ಬೇಕಿತ್ತೋ.

‘ಜಾಸ್ತಿ ರೀಫಂಡ್ ಕೊಡಿಸ್ತೀನಿ’ ಅಂತ ಒಬ್ಬರು ಹೇಳ್ತಿದ್ದಾರೆ. ನಂಬಬಹುದಾ?

ಬೇಡ. ರಾಜಕೀಯ ಪಕ್ಷಕ್ಕೆ ಕೊಡದ ದೇಣಿಗೆ, ಇಲ್ಲದ ಬಾಡಿಗೆ, ಮಾಡದ ವಿಮೆ ತೋರಿಸಿ ರೀಫಂಡ್ ತರಿಸುತ್ತಾರೆ, ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂಥವರ ಮೇಲೆ ದೇಶದಾದ್ಯಂತ ಕಾರ್ಯಾಚರಣೆ ಮಾಡಿತು. ಅದಕ್ಕೂ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ತಾವೇ ವಾಪಸ್ ಪಡೆದಿದ್ದರು. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಜೊತೆಗೆ ತೆರಿಗೆಯ ಎರಡು ಪಟ್ಟು ದಂಡ. ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಏಜೆಂಟ್ ಹೆಸರಿಗಲ್ಲ.

ನಾನು ದುಬೈನಲ್ಲಿದ್ದೇನೆ. ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಇಲ್ಲ ಅಲ್ವಾ?

ಎನ್‌ಆರ್‌ಇ, ಅಂದರೆ ಹೊರದೇಶದ ದುಡಿಮೆಯನ್ನು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆಯ ಬಡ್ಡಿಗೆ, ನೀವು ಅಲ್ಲಿರುವವರೆಗೆ ತೆರಿಗೆ ಇಲ್ಲ. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಮನೆಗಳಲ್ಲಿ ಇದು ದೊಡ್ಡ ಅನುಕೂಲ. ಆದರೆ ಕೆಲಸ ಮುಗಿಸಿ ಊರಿಗೆ ಬಂದು ನೆಲೆಸಿದ ಮೇಲೂ ಖಾತೆಯನ್ನು ಹಾಗೇ ಬಿಡುವವರು ಬಹಳ. ವಾಪಸ್ ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಬದಲಿಸಿಕೊಳ್ಳಬೇಕು. ಆಮೇಲಿನ ಬಡ್ಡಿಗೆ ತೆರಿಗೆ ಇದೆ. ಎನ್‌ಆರ್‌ಒ ಖಾತೆಯದ್ದು ಬೇರೆ: ಊರಿನ ಬಾಡಿಗೆ, ಪಿಂಚಣಿ ಬೀಳುವ ಆ ಖಾತೆಯ ಬಡ್ಡಿಗೆ ನೀವು ದುಬೈನಲ್ಲಿದ್ದಾಗಲೂ ತೆರಿಗೆ ಇದೆ, ಬ್ಯಾಂಕ್ ಅದನ್ನು ಮೊದಲೇ ಮುರಿದುಕೊಳ್ಳುತ್ತದೆ.